ಕಟ್ಟೆಯ ಮೇಲಿನ ಎಣ್ಣೆ ಬಟ್ಟಲು

ಹೋದ ವಾರ ನಮ್ಮ ಮನೆಯ ಕೂಸಿಗೆ ನೀರು ಎರೆಯಲು ಬಂದ ಹೆಣ್ಣುಮಗಳು ಹರಳೆಣ್ಣೆ ಬೆಚ್ಚಗೆ ಮಾಡಿ, ಹಿತ್ತಾಳೆ ಬಟ್ಟಲಲ್ಲಿ ತಂದು ನನ್ನ ಪಕ್ಕದಲ್ಲೇ ಇಟ್ಟಳು. ವಾಸನೆ ಮೂಗಿಗೆ ಬಡಿದದ್ದೇ ತಡ, ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಹೋದೆ. ಅಜ್ಜಿಗೆ ಎಣ್ಣೆ ಆಗಿಬರುವುದಿಲ್ಲ ಎಂದು ನೀವೆಲ್ಲ ನಕ್ಕಿರಿ. ಎಣ್ಣೆಯದೇನೂ ತಪ್ಪಿಲ್ಲ, ಮಕ್ಕಳೇ. ಬಾಯಿ ಬಿಟ್ಟು ಹೇಳಲು ನನಗೆ ಮೊದಲಿನಿಂದಲೂ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರೂರು ಹುಕ್ಕೇರಿ ಕಡೆಯದು. ಇನ್ನೂ ಇಂಗ್ರೇಜರ ಕಾಲ. ನಾನು ಊರ ಸಾಲೆಗೆ ಹೋಗುತ್ತಿದ್ದೆ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಊರಿನ ಸೂಲಗಿತ್ತಿ. ನಮ್ಮ ಬಾಜೂ ಮನೆಗೆ ಯಮಕನಮರಡಿಯಿಂದ ಸೊಸೆಯಾಗಿ ಬಂದವಳನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಎತ್ತರದ ಹೆಣ್ಣು, ಭುಜ ಬಹಳ ಅಗಲ. ಅದೇ ಅವಳಿಗೆ ನಾಚಿಕೆ. ಓಣಿಯಲ್ಲಿ ಬೆನ್ನು ಬಗ್ಗಿಸಿ, ಭುಜ ಒಳಗೆಳೆದುಕೊಂಡು, ಸೆರಗು ಹೊದ್ದು ನಡೆಯುತ್ತಿದ್ದಳು. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ, ಆ ಭಾರ ಬೇರೆ.

ಅವಳ ಗಂಡ ಗರಡಿಯಲ್ಲಿ ಸಾಮು ಮಾಡುತ್ತಿದ್ದವನು. ಗುಂಡು ಎತ್ತಲು ಹೋಗಿ ಸೊಂಟ ಹಿಡಿದ ಮೇಲೆ ಬಿಟ್ಟುಬಿಟ್ಟ. ಅವನ ಗುಂಡುಕಲ್ಲು ಹೊಲದ ಬದುವಿನಲ್ಲಿ ಬಿದ್ದಿತ್ತು. ದುಂಡಗೆ, ನುಣ್ಣಗೆ, ಬೆರಳು ಹಿಡಿಯಲು ಒಂದು ಮೂಲೆಯೂ ಇಲ್ಲದ ಕಲ್ಲು. ಚಿಗವ್ವ ಮೊದಲು ಅದನ್ನು ದಾರಿಯಿಂದ ಸರಿಸಲೆಂದು ಉರುಳಿಸಿದಳು. ಆಮೇಲೆ ದಿನಾ ಉರುಳಿಸಿದಳು. ಕಚ್ಚೆ ಬಿಗಿದು ಕುಕ್ಕರುಗಾಲಲ್ಲಿ ಕೂತು, ಕಲ್ಲನ್ನು ತೊಡೆಯ ಮೇಲೆ ತಂದುಕೊಂಡು, ಉಸಿರು ಹಿಡಿದು ಎದೆಗೆ, ಎದೆಯಿಂದ ಭುಜಕ್ಕೆ... ಅಷ್ಟಕ್ಕೆ ಒಂದು ಸುಗ್ಗಿಯೇ ಬೇಕಾಯಿತು. ಯಾರಾದರೂ ಬಂದರೆ ಕೂಗಿ ಹೇಳುವುದು ನನ್ನ ಕೆಲಸ. ಕಲ್ಲು ಮೊದಲ ಸಲ ಭುಜ ದಾಟಿ ಹಿಂದೆ ಬಿದ್ದ ದಿನ ಅವಳು ಸೆರಗು ಹೊದೆಯುವುದನ್ನೇ ಮರೆತು ನೆಟ್ಟಗೆ ನಡೆದು ಮನೆಗೆ ಬಂದಳು. ಅವಳು ಅಷ್ಟು ಎತ್ತರ ಇದ್ದಾಳೆಂದು ನನಗೆ ಗೊತ್ತಾದದ್ದು ಅಂದೇ.

"ಭುಜಾ ಯಾತಕ್ಕ ಅಗಲ ಅದಾವಂತ ಈಗ ತಿಳೀತ ನೋಡವಾ" ಎಂದಳು.

ಕಾರಹುಣ್ಣಿಮೆಯ ಮರುದಿನ ಹನುಮಪ್ಪನ ಗುಡಿ ಮುಂದೆ ಗುಂಡು ಎತ್ತುವ ಪಂದ್ಯ. ಗೆದ್ದವರಿಗೆ ಬೆಳ್ಳಿ ಕಡಗ. ಗೋಕಾಕ, ಮೂಡಲಗಿ ಕಡೆಯ ಪೈಲವಾನರೂ ಬಂದಿದ್ದರು. ಯಾರಿಗೂ ಕಲ್ಲು ಎದೆಯಿಂದ ಮೇಲೆ ಏರಲಿಲ್ಲ. ಹೆಂಗಸರು ಮಾಳಿಗೆಯ ಮೇಲೆ ನಿಂತು ನೋಡುವುದು ರೂಢಿ. ಅಂದು ಚಿಗವ್ವ ಮಾಳಿಗೆ ಇಳಿದು ಬಂದಳು. ಎಲೆ ಅಡಿಕೆ ಜಗಿಯುತ್ತಿದ್ದವರು ರೊಟ್ಟಿ ಬಡಿಯಲು ಹೋಗು ಎಂದು ನಕ್ಕರು. ಅವಳು ಕಲ್ಲಿಗೆ ಕೈ ಮುಗಿದು ಕೂತಳು, ಎತ್ತಿದಳು, ಭುಜ ದಾಟಿಸಿ ಹಿಂದೆ ಚೆಲ್ಲಿದಳು. ಮಾಳಿಗೆಯವರೆಗೂ ನೆಲ ಅದುರಿತು.

ನಗು ನಿಂತಿತು. ಆದರೆ ಕಡಗ ಹಿರಿಯರ ಕೈಯಲ್ಲೇ ಉಳಿಯಿತು. ಅವರು ತಲೆಗೆ ತಲೆ ಹಚ್ಚಿ ಮಾತಾಡಿಕೊಂಡರು. ಇದು ಹೆಣ್ಣಿನ ಕಸುವಲ್ಲ, ಅದಕ್ಕೇ ಇವಳಿಗೆ ಮಕ್ಕಳಾಗಿಲ್ಲ, ಹೆಣ್ಣು ಹೌದೋ ಅಲ್ಲವೋ ಸೂಲಗಿತ್ತಿ ನೋಡಿ ಹೇಳಲಿ, ಆಮೇಲೆ ಕಡಗದ ಮಾತು ಎಂದರು.

ಆಯಿಯನ್ನು ಕರೆಸಿದರು. ಅವಳು ಬರುವ ಮೊದಲೇ ಗುಡಿಯ ದೀಪದ ಹರಳೆಣ್ಣೆಯನ್ನು ಒಂದು ಬಟ್ಟಲಿಗೆ ಸುರಿದು ಕಟ್ಟೆಯ ಮೇಲೆ ಇಟ್ಟಿದ್ದರು, ಸೂಲಗಿತ್ತಿ ನೋಡುವ ಮೊದಲು ಕೈಗೆ ಸವರಿಕೊಳ್ಳಲೆಂದು. ಅಷ್ಟು ಜನರ ನಡುವೆ, ದೇವರ ಎದುರಿಗೆ, ಆ ಬಟ್ಟಲು. ಅದನ್ನು ನೋಡಿ ಮೀಸೆಯಡಿ ನಗುತ್ತಿದ್ದವರ ಕೆಂಪು ಹಲ್ಲು ಇಂದಿಗೂ ನನ್ನ ಕಣ್ಣ ಮುಂದಿವೆ. ಉಗುಳುತ್ತ, ಒಬ್ಬರನ್ನೊಬ್ಬರು ತಿವಿಯುತ್ತ ಕಾದು ಕೂತಿದ್ದರು. ಅವಳ ಗಂಡನೂ ಅಲ್ಲೇ ಇದ್ದ. ನೆಲ ನೋಡುತ್ತ ಕಡ್ಡಿ ಮುರಿಯುತ್ತಿದ್ದ. ಹೇಸಿಗೆ ಎಂದರೇನೆಂದು ನನಗೆ ತಿಳಿದದ್ದು ಅಂದು. ಸಗಣಿ ತುಳಿದರೆ ಕಾಲು ತೊಳೆಯಬಹುದು...

ಚಿಗವ್ವನ ಭುಜ ಒಂದು ಸಲ ಒಳಗೆ ಹೋದದ್ದನ್ನು ಕಂಡೆ. ಇನ್ನು ಇವಳ ಬೆನ್ನು ಏಳುವುದಿಲ್ಲ ಎಂದುಕೊಂಡೆ. ಅವಳು ಆಯಿಯ ಕಡೆ ತಿರುಗಿದಳು.

"ನೋಡೂದಾದ್ರ ನೋಡ್ರಿ, ಆಯಿ. ಆದ್ರ ಕಲ್ಲಿಗೆ ಕೈ ಹಚ್ಚಿದವರೆಲ್ಲಾ ಸಾಲಾಗಿ ನಿಂದರಲಿ. ಮೊದಲ ಅವರು ಗಂಡಸರು ಹೌದೋ ಅಲ್ಲೋ ನೋಡ್ರಿ. ನಾ ಕಡೀಕ ನಿಂದರತೇನಿ."

ಮಾಳಿಗೆಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಆಯಿ ಬಟ್ಟಲು ಎತ್ತಿಕೊಂಡು ಸಾವಕಾಶವಾಗಿ ಎಣ್ಣೆಯನ್ನೆಲ್ಲ ಗುಂಡಿನ ಮೇಲೆ ಸುರುವಿದಳು.

"ಈ ಊರಾವ್ರನ್ನೆಲ್ಲಾ ಹುಟ್ಟಿದಾಗ ಈ ಕೈಲೇ ಹಿಡದೇನಿ. ಯಾರಿಗೆ ಏನ ಐತಿ, ಏನ ಇಲ್ಲ ನನಗ ಗೊತ್ತೈತಿ. ಇನ್ನ ಯಾರ ಎತ್ತಾವ್ರು, ಎತ್ರಿ."

ಎಣ್ಣೆ ಸುರಿಯುವ ಕಲ್ಲು. ಯಾರೂ ಮುಂದೆ ಬರಲಿಲ್ಲ.

ಕಡಗವನ್ನು ಅವಳಿಗೆ ಕೊಡಲಿಲ್ಲ. ಎದೆಮಟ್ಟ ಎತ್ತಿದ್ದ ಪರವೂರಿನವನೊಬ್ಬನ ಕೈಗೆ ತೊಡಿಸಿದರು, ಅವನೂ ತೊಟ್ಟುಕೊಂಡ. ಆಮೇಲೆ ಕಲ್ಲನ್ನು ಗೋಮೂತ್ರ ಹಾಕಿ ತೊಳೆದರು. ಎಣ್ಣೆ ಹೋಗಲಿ ಎಂದಲ್ಲ, ಅವಳ ಮೈ ತಾಗಿತ್ತೆಂದು. ಅಂದಿನಿಂದ ಬಸುರಿಯರ ಕುಬುಸಕ್ಕಾಗಲಿ ಕೂಸುಗಳ ತೊಟ್ಟಿಲಿಗಾಗಲಿ ಅವಳನ್ನು ಯಾರೂ ಕರೆಯಲಿಲ್ಲ. ಅಂದು ಸೆರಗು ಒತ್ತಿಕೊಂಡು ನಕ್ಕಿದ್ದ ಹೆಂಗಸರೂ ಕರೆಯಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ಅವಳು ಗಂಟು ತಲೆಯ ಮೇಲಿಟ್ಟುಕೊಂಡು ತವರಿನ ದಾರಿ ಹಿಡಿದಳು. ಓಣಿಯ ತುದಿಯವರೆಗೂ ನೋಡಿದೆ. ಬೆನ್ನು ನೆಟ್ಟಗಿತ್ತು. ಮತ್ತೆ ಅವಳ ಸುದ್ದಿ ಬರಲಿಲ್ಲ... ಈಗ ಬದುಕಿರುವ ವಯಸ್ಸೂ ಅಲ್ಲ ಅವಳದು.

ಹೋದ ವಾರ ನಾನು ಹೊರಗಿನಿಂದ ಮತ್ತೆ ಒಳಗೆ ಬಂದಾಗ ಎರೆಯುವವಳು ಕೂಸಿನ ಎರಡೂ ಭುಜಗಳನ್ನು ಒಳಕ್ಕೆ ಒತ್ತಿ ಒತ್ತಿ ತಿಕ್ಕುತ್ತಿದ್ದಳು. ಹೆಣ್ಣುಕೂಸು, ಭುಜ ಅಗಲ ಇವೆ, ಈಗಲೇ ಒತ್ತಿದರೆ ಸಣ್ಣ ಆಗುತ್ತವೆ ಎಂದಳು. ಎಂದೂ ಯಾರಿಗೂ ಎದುರು ಮಾತಾಡಿದವಳಲ್ಲ ನಾನು. ಅವಳ ಕೈ ಹಿಡಿದುಕೊಂಡೆ.

"ಒತ್ತಬ್ಯಾಡವಾ" ಎಂದೆ. "ಅಗಲ ಇರಲಿ."

ಅವಳ ಕೈಯ ಎಣ್ಣೆ ನನ್ನ ಕೈಗೂ ಹತ್ತಿತು, ಸಂಜೆಯವರೆಗೆ ವಾಸನೆ ಹೋಗಲಿಲ್ಲ. ಚಿಗವ್ವನಿಗೆ ಈ ಕೂಸನ್ನು ತೋರಿಸಬೇಕಿತ್ತು...