ಡಾಕ್ಟ್ರ ಎದುರಿನ ಕನ್ನಡ

ಇವತ್ತು ಮೂಡಬಿದಿರೆಯ ಕ್ಲಿನಿಕ್ಕಿನಲ್ಲಿ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ಅಜ್ಜಿಯ ನೆನಪಾಗಿ ಸಿಟ್ಟು ಬಂತು.

ಹಿಂದೊಮ್ಮೆ ಅಜ್ಜಿಗೆ ಸೊಂಟನೋವು ಬಂದಿತ್ತು. ಮನೆಯಲ್ಲಿ ಅದನ್ನು ತುಳುವಿನಲ್ಲಿ ಎಷ್ಟು ವಿವರವಾಗಿ ಹೇಳುತ್ತಿದ್ದರು! ಸೊಂಟದಿಂದ ಹಿಮ್ಮಡಿವರೆಗೆ ಕೆಂಪಿರುವೆ ಕಚ್ಚಿಕೊಂಡು ಹೋದ ಹಾಗೆ ಆಗುತ್ತದಂತೆ. ಬೆಳ್ತಂಗಡಿಯ ಡಾಕ್ಟ್ರ ಎದುರು ಕೂತದ್ದೇ ಸೆರಗು ಸರಿಮಾಡಿಕೊಂಡು, ಕನ್ನಡದಲ್ಲಿ "ಸ್ವಲ್ಪ ನೋವು ಉಂಟು" ಎಂದರು. ಅಷ್ಟೇ. ಬಾಯಿ ತೆರೆಯಲು ಹೊರಟ ನನ್ನ ತೊಡೆ ಚಿವುಟಿದರು. ಡಾಕ್ಟ್ರು ಮುಲಾಮು ಬರೆದರು. ಅಷ್ಟರಲ್ಲಿ ಅವರಿಗೆ ಫೋನ್ ಬಂತು. "ಬಂಗುಡೆ ಉಂಡಾ?" ಎಂದು ತುಳುವಿನಲ್ಲೇ ಮೀನು ಇದೆಯಾ ಅಂತ ವಿಚಾರಿಸಿದರು.

ಹೊರಗೆ ಬಂದು ನಾನು ಹಾರಾಡಿದೆ. "ಅಜ್ಜಿ, ಅವರಿಗೆ ತುಳು ಬರ್ತದೆ!"

"ಬಂದರೇನು? ಡಾಕ್ಟ್ರ ಹತ್ತಿರ ತುಳು ಮಾತಾಡುವುದಾ? ಮರ್ಯಾದೆ ಬೇಡ್ವಾ ಮಾರಾಯ್ತಿ?"

ಮುಲಾಮು ಮುಗಿಯಿತು. ಆ ಮಳೆಗಾಲವಿಡೀ ಅಜ್ಜಿ ಗೋಡೆ ಹಿಡಿದುಕೊಂಡೇ ನಡೆದರು.

ಇವತ್ತು ನನ್ನ ಸರದಿ ಬಂದಾಗ ಡಾಕ್ಟ್ರೇ ನಗುತ್ತಾ ತುಳುವಿನಲ್ಲಿ, "ದಾದ ಆಂಡ್?" ಎಂದು, ಏನಾಯ್ತು ಅಂತ ಕೇಳಿದರು. ಮೂರು ದಿನದಿಂದ ಹಣೆ ಸೀಳಿಹೋಗುವಂಥ ನೋವು ನನಗೆ. ಶಾಲು ಸರಿಮಾಡಿಕೊಂಡೆ.

"ಸ್ವಲ್ಪ ತಲೆನೋವು ಉಂಟು" ಎಂದೆ, ಕನ್ನಡದಲ್ಲಿ.