ಅಜ್ಜಿ ಹೊಡೆದದ್ದೇ ಗಂಟೆ

ಆ ಶಾಲೆಗೆ ಇದ್ದದ್ದು ಒಂದು ತರಗತಿ ಕೋಣೆ, ಅದಕ್ಕಂಟಿದ ಅಡುಗೆಮನೆ, ನಡುವೆ ಒಂದು ಬಾಗಿಲು. ಅಡುಗೆಯವಳನ್ನು ಮಕ್ಕಳೂ ಟೀಚರೂ ಅಜ್ಜಿ ಎಂದೇ ಕರೆಯುತ್ತಿದ್ದರು. ಗಂಟೆ ಹೊಡೆಯುವ ಕೆಲಸವೂ ಅವಳದೇ. ಬಾಗಿಲಿಗೆ ನೇತುಹಾಕಿದ್ದ ಕಬ್ಬಿಣದ ಕಂಬಿಗೆ ಸೌಟಿನಿಂದ ನಾಲ್ಕು ಬಾರಿಸಿದರೆ ಊಟದ ಹೊತ್ತು. ಗಡಿಯಾರ ನೋಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಅವಳ ಮೊಮ್ಮಗಳು ಅಲ್ಲೇ ಓದುತ್ತಿದ್ದಳು. ಮನೆಯಲ್ಲಿ ಬೆಕ್ಕಿನ ಜೊತೆ ಪಟಪಟನೆ ಹರಟುವ ಹುಡುಗಿ, ನಾಲ್ಕು ಜನರೆದುರು ನಿಂತರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿದ್ದಳು. ಒಂದನೇ ತರಗತಿಯಲ್ಲಿ ಒಮ್ಮೆ ಓದಲು ಎದ್ದಾಗ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಗೋಡೆಯ ಈಚೆ ನಿಂತಿದ್ದ ಅಜ್ಜಿ ಅದನ್ನೆಲ್ಲ ಕೇಳಿಸಿಕೊಂಡಿದ್ದಳು.

ಅಂದಿನಿಂದ ಅವಳ ಕಣ್ಣು ಒಲೆಯ ಮೇಲೆ, ಕಿವಿ ಗೋಡೆಯ ಮೇಲೆ. ಓದುವ ಸರದಿ ಬೆಂಚಿನಿಂದ ಬೆಂಚಿಗೆ ಬಂದು ಮೊಮ್ಮಗಳನ್ನು ಮುಟ್ಟಿತೋ, ಢಣ ಢಣ! ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

"ಇಷ್ಟು ಬೇಗ ಏನಜ್ಜಿ?" ಎಂದು ಟೀಚರ್ ಕೇಳುತ್ತಿದ್ದರು.

"ಆರಿ ಹೋಗುತ್ತೆ ಟೀಚರ್. ತಣ್ಣಗಾದ್ರೆ ನಿಮ್ಮ ಮಕ್ಕಳು ಮೂಸಿನೂ ನೋಡಲ್ಲ."

ಹುಡುಗಿ ತಟ್ಟೆ ಹಿಡಿದು ಬಂದು, ಯಾರಿಗೂ ಕಾಣದಂತೆ ಅಜ್ಜಿಯನ್ನು ನೋಡಿ ನಗುತ್ತಿದ್ದಳು. ಅಜ್ಜಿಗೆ ಅಷ್ಟು ಸಾಕಿತ್ತು. ಹೀಗೇ ನಾಲ್ಕನೇ ತರಗತಿಯವರೆಗೂ ಬಂದಾಯಿತು. ಕೂಸು ಒಂದೇ ಒಂದು ಸಾಲನ್ನೂ ಓದಿ ಮುಗಿಸಿಲ್ಲ ಎಂಬುದು ಮಾತ್ರ ಆ ಮುದುಕಿಯ ತಲೆಗೆ ಹೋಗಲಿಲ್ಲ.

ಈ ವರ್ಷ ಶಾಲೆಗೆ ಕರೆಂಟಿನ ಗಂಟೆ ಬಂತು. ಹೊತ್ತಿಗೆ ಸರಿಯಾಗಿ ತನ್ನಷ್ಟಕ್ಕೆ ತಾನೇ ಅರಚುತ್ತದೆ. ಕಂಬಿಯನ್ನು ಇಳಿಸಿ ಎಲ್ಲಿಗೋ ಸಾಗಿಸಿದರು.

"ನಿಮಗೊಂದು ಕೆಲಸ ಕಡಿಮೆ ಆಯ್ತಲ್ಲ ಅಜ್ಜಿ," ಎಂದರು ಟೀಚರ್. ಒಳ್ಳೆಯ ಹೆಂಗಸು, ಬೈಯುವುದಾದರೂ ಹೇಗೆ?

ಮರುದಿನ ಸರದಿ ಬಂತು. "ನಿಧಾನಕ್ಕೆ ಓದಮ್ಮಾ. ಅವಸರ ಏನಿಲ್ಲ."

"ಮ... ಮ... ಮ..."

ಯಾರೋ ಕಿಸಕ್ಕೆಂದರು. ಅಜ್ಜಿ ಬಾಗಿಲಿಗೆ ಬಂದಳು. ಮೊಮ್ಮಗಳು ಪುಸ್ತಕ ನೋಡುತ್ತಿರಲಿಲ್ಲ. ಕಂಬಿಯಿದ್ದ ಜಾಗವನ್ನು ನೋಡಿದಳು, ಆಮೇಲೆ ಅಜ್ಜಿಯ ಮುಖವನ್ನು. ಇವಳನ್ನು ಅಳುತ್ತಲಾದರೂ ಒಂದು ದಿನ ಓದಿ ಮುಗಿಸಲು ಬಿಡಬೇಕಿತ್ತು ಎಂದು ಅಜ್ಜಿಗೆ ಈಗ ಹೊಳೆಯಿತು. ಹೊಳೆದು ಏನು ಬಂತು? ಒಳಗೆ ಓಡಿ ಪಾತ್ರೆಗೆ ಸೌಟಿನಿಂದ ಬಡಿದಳು. ಇನ್ನೊಮ್ಮೆ ಬಡಿದಳು. ಒಂದು ಮಗುವೂ ಏಳಲಿಲ್ಲ.

"ಅಜ್ಜೀ, ಸ್ವಲ್ಪ ಸದ್ದು ಮಾಡ್ಬೇಡಿ," ಟೀಚರ್ ಮೆಲ್ಲಗೆ ಹೇಳಿದರು. "ಮಗು ಓದ್ತಿದೆ."

ಅಜ್ಜಿ ಸೌಟು ಕೆಳಗಿಟ್ಟಳು. ಗೋಡೆಯ ಆಚೆ "ಮ... ಮ..." ಕೇಳುತ್ತಲೇ ಇತ್ತು. ಊಟಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು.