ಲ್ಯಾಮಿನೇಷನ್ ಮಾಡಿಸಿದ ಚೀಟಿ

ಕೋವಿಡ್ ಮುಗಿದ ಮರುವರ್ಷ. ಗುಂಡ್ಲುಪೇಟೆಯ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಆಗ ಹತ್ತೊಂಬತ್ತು ವರ್ಷ. ತೆರಕಣಾಂಬಿಯ ಮಹದೇವಮ್ಮ ಗಂಡ ಪುಟ್ಟಸ್ವಾಮಿಯವರ ಜೊತೆ ಬಂದರು. ವಯಸ್ಸು ಐವತ್ತೈದು, ತೂಕ ಐವತ್ತೆರಡು ಕಿಲೊ.

"ನಾಲ್ಗೆ ಮ್ಯಾಲೆ ಮೆಣಸಿನ್ಕಾಯಿ ಅರ್ದು ಸವರ್ದಂಗದೆ ಕಣವ್ವ. ಕ್ಯಾನ್ಸರಾ? ಇದ್ರೆ ಯೋಳ್ಬುಡಿ," ಎಂದರು.

ಎಲೆಅಡಿಕೆ ಹಾಕುವವರಿಗೆ ಆ ಭಯ ಇದ್ದದ್ದೇ. ಬಾಯಿ ಪೂರ್ತಿ ನೋಡಿದೆ. ಹುಣ್ಣಿಲ್ಲ, ಬಿಳಿ ಮಚ್ಚೆಯಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ, ಬಿ-12, ಕಬ್ಬಿಣಾಂಶ ಎಲ್ಲ ಸರಿ. ಇದು ಬರ್ನಿಂಗ್ ಮೌತ್ ಸಿಂಡ್ರೋಮ್, ನರಗಳ ತೊಂದರೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಉರಿ ಮಾತ್ರ ಬಿಡುವುದಿಲ್ಲ. ಧೈರ್ಯ ತುಂಬುವ ಹುಮ್ಮಸ್ಸಿನಲ್ಲಿ, ಮನೆಯವರಿಗೂ ಅರ್ಥವಾಗಲೆಂದು, ಚೀಟಿಯಲ್ಲಿ ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆದೆ: 'ಬಾಯಲ್ಲಿ ಯಾವ ರೋಗವೂ ಇಲ್ಲ.' ಮಹದೇವಮ್ಮ ಕೈಮುಗಿದರು. ನಾನೇನೋ ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದೆ.

ಉರಿ ಜಗ್ಗಲಿಲ್ಲ. ಕ್ಲೊನಾಜೆಪಾಮ್ ಮಾತ್ರೆಯನ್ನು ಮೂರು ನಿಮಿಷ ಚೀಪಿ ಉಗಿಯಲು ಹೇಳಿದೆ. ಗ್ಯಾಬಪೆಂಟಿನ್ ಕೊಟ್ಟರೆ ತಲೆ ಸುತ್ತಿತು. ಚಾಮರಾಜನಗರದ ವೈದ್ಯರೊಬ್ಬರು ಬದಲಿಸಿ ಕೊಟ್ಟ ಮಾತ್ರೆಯದೂ ಅದೇ ಕಥೆ. ಎಂಟನೇ ತಿಂಗಳಿಗೆ ತೂಕ ನಲವತ್ತಮೂರು ಕಿಲೊ. ಊಟ ಮಾಡುತ್ತಿಲ್ಲವೇ ಎಂದು ಗದರಿದೆ.

"ಖಾರ ಇಲ್ದೆ ನಂಗೊಬ್ಳಿಗೇ ಸಾರು ಮಾಡ್ಕತಿದ್ದೆ ಕಣವ್ವ. ಮನೇಲಿ ಒಪ್ನಿಲ್ಲ."

ಪುಟ್ಟಸ್ವಾಮಿ ಜೇಬಿನಿಂದ ಒಂದು ಕಾಗದ ತೆಗೆದರು. ಅದು ನನ್ನದೇ ಚೀಟಿ. ಲ್ಯಾಮಿನೇಷನ್ ಮಾಡಿಸಿದ್ದರು.

"ಏನೂ ಇಲ್ಲ ಅಂತ ನೀವೇ ಬರ್ದಿದ್ದೀರಲ್ಲ ಮೇಡಂ. ಇಬ್ರು ಸೊಸೇರವ್ರೆ. ಇವ್ಳು ಬ್ಯಾರೆ ಪಾತ್ರೆ ಮಡುಗುದ್ರೆ, ನಾಳೆ ಅವ್ರೂ ಬ್ಯಾರೆ ಒಲೆ ಅಂತಾರೆ. ಮನೆ ಒಡ್ದೋಯ್ತದೆ."

ನನ್ನ ಮೇಲೆ ನನಗೇ ಅಸಹ್ಯವಾಯಿತು. ಇನ್ನೊಂದು ಚೀಟಿ ಬರೆದೆ: 'ಉರಿ ನಿಜ. ಖಾರ ಕೊಡಬೇಡಿ.' ಅವರು ಎರಡನ್ನೂ ಪಕ್ಕಪಕ್ಕ ಹಿಡಿದು, "ಇದ್ರಲ್ಲಿ ಯಾವ್ದು ಸರಿ ಮೇಡಂ?" ಎಂದರು.

ಎರಡೂ ಸರಿ ಎಂದೆ. ಅವರು ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಬಾಗಿಲಲ್ಲಿ ಮಹದೇವಮ್ಮ ತಿರುಗಿ ನಿಂತರು. "ಕ್ಯಾನ್ಸರೇ ಆಗಿದ್ರೆ ಚೆಂದಾಗಿತ್ತು ಕಣವ್ವ. ಎಲ್ರೂ ನಂಬೋರು."

ಮತ್ತೆ ಅವರು ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ. "ಅಂಗೇ ಅವ್ಳೆ" ಎಂದು ಪುಟ್ಟಸ್ವಾಮಿ ಇಟ್ಟುಬಿಟ್ಟರು. ಉರಿ ಇಳಿಸಲು ನನ್ನ ಓದಿಗೆ ಆಗಲಿಲ್ಲ, ಅದನ್ನು ಹೇಗೋ ಸಹಿಸಿಕೊಳ್ಳಬಹುದು. ಆದರೆ ಅವರ ತಟ್ಟೆಗೆ ದಿನವೂ ಖಾರ ಬಡಿಸಿದ್ದು ನನ್ನ ಕೈಬರಹ. ಈಗ ಯಾರ ಚೀಟಿಯಲ್ಲೂ 'ರೋಗವಿಲ್ಲ' ಎಂದು ಬರೆಯುವುದಿಲ್ಲ. 'ನನಗೆ ಕಾಣಲಿಲ್ಲ' ಎಂದು ಬರೆಯುತ್ತೇನೆ.